ಅಡ್ವಾನ್ಸ್ ಕೇಳುವ ಮೊದಲು ಕಾಗದ ತೋರಿಸಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಮನೆ, ಸೈಟು ಮಾರಾಟದ ಜಾಹೀರಾತುಗಳು ಬರುತ್ತಲೇ ಇರುತ್ತವೆ. ಅಳತೆ, ದಿಕ್ಕು, ರೇಟು ಎಲ್ಲ ಬರೆದು ಕೊನೆಗೆ 'ಪೇಪರ್ಸ್ ಕ್ಲಿಯರ್' ಎಂದು ಹಾಕಿರುತ್ತಾರೆ. ಹೋದ ವರ್ಷ ಆರೇಳು ತಿಂಗಳು ನಾವು ಇದೇ ದಾವಣಗೆರೆಯಲ್ಲಿ ಮನೆ ಹುಡುಕಿದೆವು. ಹೋದ ಕಡೆಯಲ್ಲೆಲ್ಲ ಅದೇ ಮಾತು ಕೇಳಿದೆವು. ಆದರೆ ಆ ಪೇಪರ್ ಒಮ್ಮೆ ಕೊಡಿ, ಓದಿ ನೋಡುತ್ತೇವೆ ಅಂದರೆ ಮಾತ್ರ ಯಾರೂ ಮೊದಲೇ ಕೊಡಲು ತಯಾರಿರಲಿಲ್ಲ. ಅದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಿ.

ನಮ್ಮದು ಹದಿನಾರು ವರ್ಷ ಬಾಡಿಗೆ ಮನೆಯಲ್ಲಿದ್ದ ಸಂಸಾರ. ನಮ್ಮ ಮನೆಯವರಿಗೆ ಪಿ.ಬಿ. ರಸ್ತೆಯಲ್ಲಿ ಸಣ್ಣ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ನಾನು ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಅತ್ತೆಗೆ 74 ವರ್ಷ, ಮಗಳು ಪಿಯುಸಿ. ಊರಲ್ಲಿದ್ದ ಒಂದು ಸೈಟು ಮಾರಿದ ದುಡ್ಡು, ಕೂಡಿಟ್ಟ ದುಡ್ಡು, ನನ್ನ ಎರಡು ಬಳೆ, ಇಷ್ಟರ ಮೇಲೆ 30 ಲಕ್ಷ ಸಾಲ ಮಾಡಿದರೆ ಒಂದು ಮನೆ ಆಗುತ್ತದೆ ಎಂದು ಲೆಕ್ಕ ಹಾಕಿ ಹೊರಟೆವು. ಇಪ್ಪತ್ತಕ್ಕೂ ಜಾಸ್ತಿ ಮನೆ ನೋಡಿದ ಮೇಲೆ ಎರಡು ಉಳಿದವು.

ಒಂದು, ಶಾಮನೂರು ದಾಟಿದ ಮೇಲೆ ಹೊಸ ಬಡಾವಣೆಯಲ್ಲಿದ್ದ ಡ್ಯೂಪ್ಲೆಕ್ಸ್ ಮನೆ. 46 ಲಕ್ಷ. ಪೂರ್ವದ ಬಾಗಿಲು, ಆಗ್ನೇಯಕ್ಕೆ ಅಡುಗೆಮನೆ, ಕಾರು ನಿಲ್ಲಿಸಲು ಜಾಗ, ಮೇಲೆ ಮಗಳಿಗೆ ಅಂತಲೇ ಒಂದು ಕೋಣೆ. ಇನ್ನೊಂದು ವಿನೋಬನಗರದಲ್ಲಿ, 1994ರಲ್ಲಿ ಕಟ್ಟಿದ ಹಳೇ ಮನೆ. 52 ಲಕ್ಷ. ದಕ್ಷಿಣದ ಬಾಗಿಲು, ಕೆಂಪು ಗಾರೆ ನೆಲ, ಕಾರು ತಿರುಗಿಸಲು ಆಗದಷ್ಟು ಸಣ್ಣ ಓಣಿ. ಯಾರಿಗೆ ಕೇಳಿದರೂ ಹೊಸದನ್ನೇ ತಗೊಳ್ಳಿ ಅಂದರು. ಆರು ಲಕ್ಷ ಕಡಿಮೆ, ಮನೆ ಹೊಸದು, ಮುಂದೆ ರೇಟು ಏರುತ್ತದೆ, ಇನ್ನೇನು ಬೇಕು ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆ ಅಡುಗೆಮನೆ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಯಾವ ಡಬ್ಬಿ ಎಲ್ಲಿಡಬೇಕು ಎಂದು ಕೂಡ ಯೋಚಿಸಿಬಿಟ್ಟಿದ್ದೆ.

ಅದು ಜೂನ್ ತಿಂಗಳು. ಮನೆ ತೋರಿಸಿದವರು, "ಅಕ್ಕಾರೆ, ನಾಳೆ ಬೆಳಗ್ಗೆ ಇನ್ನೊಂದು ಪಾರ್ಟಿ ಬರ್ತಾರೆ, ಒಂದು ಲಕ್ಷ ಟೋಕನ್ ಹಾಕಿ ಹಿಡ್ಕೊಳ್ರಿ" ಅಂದರು. ಕಾಗದ ಕೇಳಿದೆವು. "ಅಡ್ವಾನ್ಸ್ ಆದ್ಮೇಲೆ ಪೂರ್ತಿ ಸೆಟ್ ಜೆರಾಕ್ಸ್ ಕೊಡ್ತೀವ್ರಿ, ಸುಮ್ನೆ ಎಲ್ಲರಿಗೂ ಕೊಡಾಕಾಗಲ್ಲ" ಅಂದರು. ನಮ್ಮ ಮನೆಯವರು ಚೆಕ್ ಪುಸ್ತಕ ತಂದಿದ್ದರು. ಬರೆಯಬೇಕು ಅನ್ನುವಷ್ಟರಲ್ಲಿ ಅತ್ತೆ ಬಾಯಿ ಒಣಗಿದೆ, ನೀರು ಬೇಕು ಅಂದರು. ನಲ್ಲಿ ತಿರುಗಿಸಿದರೆ ನೀರಿಲ್ಲ. ಬಡಾವಣೆಗೆಲ್ಲ ಸೇರಿ ಒಂದೇ ಬೋರು, ಅದರ ಮೋಟಾರು ಕೆಟ್ಟಿದೆಯಂತೆ. ಆವತ್ತು ಚೆಕ್ ಬರೆಯಲಿಲ್ಲ, ಎರಡು ದಿನ ಬಿಟ್ಟು ಬರುತ್ತೇವೆ ಎಂದು ಬಂದೆವು. ಆ ಎರಡು ದಿನ ಸಿಕ್ಕಿದ್ದರಿಂದಲೇ ನಾನು ಇವತ್ತು ಈ ಪತ್ರ ಬರೆಯುತ್ತಿದ್ದೇನೆ.

ಸಬ್ ರಿಜಿಸ್ಟ್ರಾರ್ ಕಚೇರಿ ಹತ್ತಿರ ಪತ್ರ ಬರೆಯುವ ಹಿರಿಯರೊಬ್ಬರು ನಮಗೆ ಪರಿಚಯ. ಅವರು ಮೊದಲು ಕೇಳಿದ್ದು ರೇಟಲ್ಲ, ದಿಕ್ಕಲ್ಲ. "ಇ-ಸ್ವತ್ತಿನಲ್ಲಿ ಅದಕ್ಕೆ ಯಾವ ಫಾರಂ ಕೊಟ್ಟಿದಾರೆ ನೋಡ್ರಿ" ಅಂದರು. ಇ-ಸ್ವತ್ತು ಅಂದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ. ಬಹಳ ಒತ್ತಾಯ ಮಾಡಿದ ಮೇಲೆ ಮೊಬೈಲಿಗೆ ಒಂದು ಫೋಟೊ ಬಂತು. 11ಬಿ. ನನಗೆ ಅಲ್ಲಿಯವರೆಗೆ 11ಎ ಬೇರೆ, 11ಬಿ ಬೇರೆ ಅನ್ನೋದೇ ಗೊತ್ತಿರಲಿಲ್ಲ, ಓದಿದವಳಾಗಿ ಹೇಳಿಕೊಳ್ಳಲು ಸಂಕೋಚ ಆಗುತ್ತದೆ. ಪಂಚಾಯಿತಿ 11ಬಿ ಕೊಟ್ಟಿದೆ ಎಂದರೆ ಆ ಆಸ್ತಿಗೆ ಲೆಕ್ಕ ಇದೆ, ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಅಷ್ಟೇ. ಬಡಾವಣೆಯ ನಕ್ಷೆಗೆ ಒಪ್ಪಿಗೆ ಸಿಕ್ಕಿದೆ ಎಂದು ಅರ್ಥವಲ್ಲ, ಸಿಕ್ಕಿದ್ದರೆ 11ಎ ಕೊಡುತ್ತಿದ್ದರು. ಪಾಲಿಕೆ ಒಳಗಿನ ಎ ಖಾತೆ, ಬಿ ಖಾತೆ ಕೂಡ ಸುಮಾರಾಗಿ ಇದೇ ಕತೆ. ಹೊಲವನ್ನು ಮನೆ ಕಟ್ಟುವ ಜಾಗವಾಗಿ ಬದಲಾಯಿಸುವುದು, ಅಂದರೆ ಎಲ್ಲರೂ ಅಲಿನೇಷನ್ ಅನ್ನುತ್ತಾರಲ್ಲ, ಅದು ಒಂದು. ಬಡಾವಣೆ ನಕ್ಷೆಗೆ ದೂಡಾ, ಅಂದರೆ ನಮ್ಮ ಊರಿನ ನಗರಾಭಿವೃದ್ಧಿ ಪ್ರಾಧಿಕಾರ, ಒಪ್ಪಿಗೆ ಕೊಡುವುದು ಇನ್ನೊಂದು. ಮೊದಲನೆಯದನ್ನು ತೋರಿಸಿ ಎರಡನೆಯದೂ ಇದೆ ಎನ್ನುವ ಹಾಗೆ ಮಾತಾಡುತ್ತಾರೆ. ಎರಡನೆಯದು ಇಲ್ಲದಿದ್ದರೆ ರಸ್ತೆ, ಚರಂಡಿ, ಪಾರ್ಕಿಗೆ ಬಿಟ್ಟ ಜಾಗ ಇದಕ್ಕೆಲ್ಲ ಕೇಳುವವರೇ ಇರುವುದಿಲ್ಲ.

ಸಾಲದ ಲೆಕ್ಕ ಇನ್ನೂ ಬೇರೆ. ನಾವು ಹೋದ ಬ್ಯಾಂಕಿನಲ್ಲಿ 11ಬಿ ನೋಡಿದ ತಕ್ಷಣ ಆಗಲ್ಲ ಅಂದರು. ಮನೆ ತೋರಿಸಿದವರು "ಲೋನ್ ನಾವು ಮಾಡಿಸ್ಕೊಡ್ತೀವಿ" ಎಂದು ಒಂದು ಫೈನಾನ್ಸ್ ಕಂಪನಿಯವರ ನಂಬರ್ ಕೊಟ್ಟರು. ಅಲ್ಲಿ ಬಡ್ಡಿ ಶೇ 10. ಬ್ಯಾಂಕಿನಲ್ಲಿ ನಮಗೆ ಹೇಳಿದ್ದು ಶೇ 8. ಎರಡೇ ಪರ್ಸೆಂಟ್ ತಾನೇ ಅನ್ನಿಸುತ್ತದೆ. ಮಗಳು ಕೂತು ಲೆಕ್ಕ ಹಾಕಿದಳು. 30 ಲಕ್ಷಕ್ಕೆ 20 ವರ್ಷ ಎಂದರೆ ಶೇ 8ಕ್ಕೆ ತಿಂಗಳ ಕಂತು 25,093 ರೂಪಾಯಿ, ಶೇ 10ಕ್ಕೆ 28,951. ತಿಂಗಳಿಗೆ 3,858 ವ್ಯತ್ಯಾಸ. 240 ತಿಂಗಳಿಗೆ 9 ಲಕ್ಷ 25 ಸಾವಿರದ ಮೇಲೆ. ಆರು ಲಕ್ಷ ಅಗ್ಗ ಎಂದು ನಾವು ಖುಷಿ ಪಟ್ಟ ಮನೆ ಕಾಗದದ ಒಂದೇ ಒಂದು ಅಕ್ಷರದಿಂದ ಮೂರು ಲಕ್ಷ ತುಟ್ಟಿ ಆಯಿತು. ಟೋಕನ್ ಕೊಟ್ಟ ಮೇಲೆ ಇದು ಗೊತ್ತಾಗಿದ್ದರೆ ಆ ಒಂದು ಲಕ್ಷ ವಾಪಸ್ ಬರುತ್ತಿತ್ತಾ? ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಇದೇ ರೀತಿ ಕೊಟ್ಟ ಐವತ್ತು ಸಾವಿರಕ್ಕೆ ಇವತ್ತಿಗೂ ಅಲೆಯುತ್ತಿದ್ದಾರೆ.

ಇಷ್ಟಾದರೂ ನನ್ನ ಮನಸ್ಸು ಆ ಮನೆ ಬಿಟ್ಟಿರಲಿಲ್ಲ, ನಿಜ ಹೇಳುತ್ತೇನೆ. ಆಗಸ್ಟ್‌ನಲ್ಲಿ ಯಾರಿಗೂ ಹೇಳದೆ ಮತ್ತೊಮ್ಮೆ ಹೋಗಿ ಬಂದೆವು. ಪರಿಚಯದ ಮೇಸ್ತ್ರಿ ಒಬ್ಬರನ್ನು ಕರೆದುಕೊಂಡು ಹೋಗಿದ್ದೆವು. ಅಷ್ಟೊತ್ತಿಗೆ ಭದ್ರಾ ನಾಲೆಗೆ ನೀರು ಬಿಟ್ಟಿದ್ದರು. ಜೂನ್‌ನಲ್ಲಿ ಒಣಗಿ ಬಿರುಕು ಬಿಟ್ಟಿದ್ದ ಸುತ್ತಮುತ್ತಲ ಗದ್ದೆಗಳಲ್ಲಿ ನಾಟಿ ನಡೆದಿತ್ತು, ಎಲ್ಲಿ ನೋಡಿದರೂ ನೀರು ನಿಂತಿತ್ತು, ನೋಡಲು ಬಹಳ ಚೆಂದ. ಆದರೆ ಮನೆಯ ಹಿಂದಿನ ಗೋಡೆ ನೆಲದಿಂದ ಒಂದೂವರೆ ಅಡಿ ಮೇಲಿನವರೆಗೆ ತೇವ ಹಿಡಿದಿತ್ತು. ಹೊಸ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಮೇಸ್ತ್ರಿ ಒಂದು ನಾಣ್ಯ ತೆಗೆದು ಟೈಲ್ಸ್ ಮೇಲೆ ಕುಟ್ಟುತ್ತಾ ಹೋದರು, ನಾಲ್ಕೈದು ಕಡೆ ಟೊಳ್ಳು ಸದ್ದು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕನ್ನು ಬೆರಳಿಟ್ಟು ತೋರಿಸಿದರು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅಂಥ ಕಡೆ ಗಟ್ಟಿ ಗರಸು ಸಿಗುವವರೆಗೆ ಪಾಯ ತೋಡಬೇಕು, ಸುತ್ತ ಬೀಮ್ ಹಾಕಬೇಕು. "ಇಲ್ಲಿ ಎಷ್ಟು ತೋಡಿದಾರೋ, ಈಗ ಯಾರಿಗ್ ಗೊತ್ತಾಗುತ್ತವ್ವಾ" ಅಂದರು ಅವರು.

ದಾವಣಗೆರೆಯಲ್ಲಿ ಮನೆ ನೋಡುವ ಎಲ್ಲರಿಗೂ ಇದೊಂದು ಮಾತು ಹೇಳಬೇಕು ಅನ್ನಿಸುತ್ತದೆ. ನಮ್ಮ ಊರು ಬೆಳೆಯುತ್ತಿರುವುದು ಬಹಳ ಕಡೆ ಭತ್ತದ ಗದ್ದೆಗಳ ಮೇಲೆ. ನಾಲೆಯಲ್ಲಿ ನೀರಿಲ್ಲದ ತಿಂಗಳಲ್ಲಿ ನೋಡಿದ ಮನೆಯನ್ನು ನೀರು ಬಂದ ಮೇಲೆ ಇನ್ನೊಮ್ಮೆ ನೋಡದೆ ತಗೋಬೇಡಿ. ಎರಡು ತಿಂಗಳು ಕಾಯುವುದಕ್ಕೆ ಯಾರೂ ಬಿಡುವುದಿಲ್ಲ, ನಾಳೆ ಇನ್ನೊಂದು ಪಾರ್ಟಿ ಬರುತ್ತದೆ ಅಂತಲೇ ಹೇಳುತ್ತಾರೆ. ನಮಗೆ ಹಾಗೆ ಹೇಳಿದ ಮನೆ ಆಗಸ್ಟ್‌ನಲ್ಲೂ ಖಾಲಿ ಇತ್ತು.

ಈಗ ಹಳೇ ಮನೆ ವಿಷಯ. ಅದೂ ಚಿನ್ನದಂಥ ಮನೆ ಏನಲ್ಲ. ಪೈಪುಗಳು ಒಳಗೇ ತುಕ್ಕು ಹಿಡಿದಿದ್ದವು, ವೈರಿಂಗ್ ಪೂರ್ತಿ ತೆಗೆದು ಹಾಕಬೇಕಿತ್ತು, ಒಂದು ಸಜ್ಜಾದಲ್ಲಿ ಕಂಬಿ ಹೊರಗೆ ಕಾಣುತ್ತಿತ್ತು. ಆದರೆ ಮೇಸ್ತ್ರಿ ಗೋಡೆ ಎಲ್ಲ ನೋಡಿ, ಮೂವತ್ತು ವರ್ಷದಲ್ಲಿ ಆಗಬೇಕಾದ್ದೆಲ್ಲ ಆಗಿ ಮುಗಿದಿದೆ, ಇನ್ನು ಹೊಸದಾಗಿ ಬಿರುಕು ಬಿಡುವ ಮನೆಯಲ್ಲ ಇದು ಅಂದರು. ಹಳೇ ಮನೆಯ ದೊಡ್ಡ ಅನುಕೂಲವೇ ಅದು. ಅದರ ತಪ್ಪುಗಳೆಲ್ಲ ಕಣ್ಣಿಗೆ ಕಾಣುತ್ತವೆ, ಲೆಕ್ಕ ಹಾಕಬಹುದು. ನಾಲ್ಕೂವರೆ ಲಕ್ಷ ರಿಪೇರಿ ಎಂದು ಬರೆದುಕೊಟ್ಟರು, ಕೊನೆಗೆ ಐದು ಲಕ್ಷದ ಹತ್ತಿರ ಹೋಯಿತು. ಪಾಲಿಕೆ ನೀರಿದೆ. ರಾಜನಹಳ್ಳಿಯಿಂದ ಬರುವ ತುಂಗಭದ್ರೆ ನೀರು, ಕುಂದುವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಯಲ್ಲಿ ತುಂಬಿಡುವ ಭದ್ರಾ ನೀರು, ಇದರ ಮೇಲೆ ಊರು ನಡೆಯುತ್ತದೆ. ದಿನಾ ಬರುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ, ಸಂಪು ತುಂಬಿಸಿ ಇಟ್ಟುಕೊಳ್ಳಬೇಕು. ಆದರೂ 2023ರ ಬರದ ನಂತರದ ಬೇಸಿಗೆಯಲ್ಲಿ ಬಾಡಿಗೆ ಮನೆಯ ಬೋರು ನಿಂತು ಟ್ಯಾಂಕರಿಗೆ ಕಾದು ಕೂತವರು ನಾವು, ನಲ್ಲಿಯ ಬೆಲೆ ನಮಗೆ ಗೊತ್ತು.

ದಕ್ಷಿಣದ ಬಾಗಿಲು ಅಂತ ಅತ್ತೆ ಒಪ್ಪುವುದಿಲ್ಲ ಎಂದು ನಮಗೆ ಹೆದರಿಕೆ ಇತ್ತು. ಅವರಿಗೆ ವಾಸ್ತು ಬಗ್ಗೆ ನಂಬಿಕೆ ಜಾಸ್ತಿ, ಅದನ್ನು ನಾವು ಯಾವತ್ತೂ ಹಗುರ ಮಾಡಿಲ್ಲ. ಮನೆ ತೋರಿಸಲು ಕರೆದುಕೊಂಡು ಹೋದಾಗ ನಾವು ಒಳಗೆ ಅಳತೆ ತೆಗೆಯುತ್ತಿದ್ದೆವು, ಅವರು ಹೊರಗೆ ಕಟ್ಟೆ ಮೇಲೆ ಕೂತಿದ್ದರು. ಪಕ್ಕದ ಮನೆಯ ಅಜ್ಜಿ ಬಂದು ಮಾತಾಡಿಸಿದ್ದಾರೆ. ಅವರ ತವರು ಹರಪನಹಳ್ಳಿ, ಅತ್ತೆಯ ತವರೂ ಅದೇ. ಅರ್ಧ ಗಂಟೆಯಲ್ಲಿ ಯಾವುದೋ ಸೋದರಮಾವನ ಮದುವೆವರೆಗೂ ಮಾತು ಹೋಗಿತ್ತು. ನಾವು ಹೊರಗೆ ಬಂದರೆ ಇಬ್ಬರೂ ಮಂಡಕ್ಕಿ ತಿನ್ನುತ್ತಿದ್ದರು. ವಾಪಸ್ ಬರುವಾಗ ಅತ್ತೆ ಬಾಗಿಲ ಮಾತು ಎತ್ತಲಿಲ್ಲ. ದೇವರ ಮನೆ ಎಲ್ಲಿ ಮಾಡುತ್ತೀರಿ ಎಂದಷ್ಟೇ ಕೇಳಿದರು. ಹೊಸ ಬಡಾವಣೆಯಲ್ಲಿ ಒಂದೇ ಒಂದು ಮನೆಯ ಬಾಗಿಲು ತೆಗೆದಿರಲಿಲ್ಲ. ನಾವಿಬ್ಬರೂ ಬೆಳಗ್ಗೆ ಹೋದರೆ ಬರುವುದು ಸಂಜೆ. ಒಂಬತ್ತು ಗಂಟೆ ಆ ಜೀವ ಒಂಟಿಯಾಗಿ ಅಲ್ಲಿ ಏನು ಮಾಡಬೇಕಿತ್ತು ಎಂದು ನಾನು ಆವರೆಗೆ ಯೋಚಿಸಿಯೇ ಇರಲಿಲ್ಲ.

ಹಳೇ ಮನೆಯ ಕಾಗದವೂ ಸುಲಭಕ್ಕೆ ಸಿಗಲಿಲ್ಲ. ಮಾರುತ್ತಿದ್ದವರು ಇಬ್ಬರು ಅಣ್ಣತಮ್ಮಂದಿರು. ತಂದೆ ಸ್ವಂತ ದುಡಿಮೆಯಲ್ಲಿ ಸೈಟು ತಗೊಂಡು ಕಟ್ಟಿಸಿದ ಮನೆ, ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದಾರೆ, ವಿಲ್ ಬರೆದಿಲ್ಲ. ಮೂವತ್ತು ವರ್ಷದ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿದರೆ ಸಾಲ, ಅಡಮಾನ ಏನೂ ಇಲ್ಲ, ಪೂರ್ತಿ ಶುದ್ಧ. ನಮಗೆ ಸಮಾಧಾನ ಆಯಿತು. ಪತ್ರ ಬರೆಯುವ ಹಿರಿಯರು ಮಾತ್ರ, ಇಸಿಯಲ್ಲಿ ಬರುವುದು ರಿಜಿಸ್ಟರ್ ಆದ ವ್ಯವಹಾರ ಅಷ್ಟೇ, ಯಾರ ಯಾರ ಹಕ್ಕಿದೆ ಅನ್ನೋದು ಅದರಲ್ಲಿ ಬರಲ್ಲ, ವಂಶವೃಕ್ಷ ತರಿಸಿ ಅಂದರು. ತರಿಸಿದೆವು. ಅದರಲ್ಲಿ ಒಬ್ಬ ಅಕ್ಕ ಇದ್ದರು.

"ಅಕ್ಕನ ಮದ್ವೆ ಆಗಿ ಮೂವತ್ತು ವರ್ಷ ಆಯ್ತು, ಹುಬ್ಬಳ್ಳ್ಯಾಗ್ ಇದಾಳ, ಅವ್ಳದೇನೂ ತಕರಾರಿಲ್ಲ" ಅಂದರು ಅಣ್ಣ. ಹೆಣ್ಣುಮಕ್ಕಳ ಹಕ್ಕು 2005ರ ಕಾನೂನಿನಿಂದ ಬಂತು, ಅದಕ್ಕೂ ಮುಂಚೆ ಮದುವೆ ಆದವರಿಗೆ ಇಲ್ಲ ಎಂದು ಬಹಳ ಜನ ಇವತ್ತಿಗೂ ನಂಬಿದ್ದಾರೆ. ಅದು ತಪ್ಪು. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯ ವಿಷಯ. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ, ವಿಲ್ ಇಲ್ಲದೆ ಅವರು ತೀರಿಕೊಂಡರೆ, ಮಗಳಿಗೆ ಮಗನಷ್ಟೇ ಪಾಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಮದುವೆ ಯಾವಾಗ ಆಯಿತು ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅಕ್ಕ ಬಂದು ಸಹಿ ಹಾಕದೆ ನಾವು ಮುಂದೆ ಹೋಗಲ್ಲ ಎಂದೆವು. ಅವರಿಗೆ ಸಿಟ್ಟು ಬಂತು. ನಮ್ಮ ಮನೆತನದ ವಿಷಯ ನಿಮಗ್ಯಾಕೆ ಅಂದರು. ಒಂದು ತಿಂಗಳು ಮಾತೇ ನಿಂತಿತು.

ಆಮೇಲೆ ಆಕೆ ಬಂದರು. ಅರವತ್ತರ ಹತ್ತಿರದ ವಯಸ್ಸು. ಪಾಲು ಬೇಡ ಅನ್ನಲಿಲ್ಲ, ಬೇಕು ಅಂದರು, ಅದು ಅವರ ಹಕ್ಕು. ಮೂವರೂ ಕೂತು ಮಾತಾಡಿಕೊಂಡರು. ಸಹಿಗೆ ಮುಂಚೆ ಆಕೆ ಮನೆಯೊಳಗೆ ಒಂದು ಸುತ್ತು ಬಂದು, ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಇಲ್ಲಿ ಮೂಲೆಯಲ್ಲಿ ದೊಡ್ಡ ಮಳೆಗೆ ಸೋರುತ್ತೆ, ನಾನು ತವರಿಗೆ ಬಂದಾಗ ಇಲ್ಲೇ ಬೋಗುಣಿ ಇಡ್ತಿದ್ವಿ, ಮೇಲೆ ನೀರು ಹೋಗುವ ತೂತು ಸಣ್ಣದು, ಅದನ್ನು ದೊಡ್ಡದು ಮಾಡಿಸಿ ಎಂದು ಹೇಳಿದರು. ನಾಲ್ಕು ಸಲ ಮನೆ ತೋರಿಸಿದ ತಮ್ಮಂದಿರು ಅದನ್ನು ಹೇಳಿರಲಿಲ್ಲ. ಮಾಡಿಸಿದೆವು, ಈಗ ಸೋರುವುದಿಲ್ಲ.

ಆ ತಡದಿಂದ ನಮಗೆ ದುಡ್ಡು ಹೋಯಿತು ಅನ್ನುವುದೂ ನಿಜ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಯಿತು. ನಮ್ಮ ರಿಜಿಸ್ಟ್ರೇಷನ್ ಆಗಿದ್ದು ಅಕ್ಟೋಬರಿನಲ್ಲಿ. 52 ಲಕ್ಷಕ್ಕೆ 52 ಸಾವಿರ ಜಾಸ್ತಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು ಎಲ್ಲ ಸೇರಿ 3 ಲಕ್ಷ 95 ಸಾವಿರದಷ್ಟು ಸರ್ಕಾರಕ್ಕೇ ಕಟ್ಟಿದೆವು. ಮನೆ ರೇಟು ಹೇಳುವಾಗ ಇದನ್ನು ಯಾರೂ ಸೇರಿಸಿ ಹೇಳುವುದಿಲ್ಲ, ಸಾಲ ಕೊಡುವವರೂ ಸಾಮಾನ್ಯವಾಗಿ ಇದಕ್ಕೆ ಕೊಡುವುದಿಲ್ಲ, ಕೈಯಲ್ಲಿ ಇಟ್ಟುಕೊಂಡೇ ಹೊರಡಬೇಕು. ಇನ್ನೊಂದು, 50 ಲಕ್ಷ ಮುಟ್ಟಿದರೆ ಮಾರುವವರ ದುಡ್ಡಿನಲ್ಲಿ ಶೇ 1 ಆದಾಯ ತೆರಿಗೆ (ಟಿಡಿಎಸ್) ಹಿಡಿದು ಕಟ್ಟುವ ಜವಾಬ್ದಾರಿ ಕೊಳ್ಳುವವರದು. ನಮ್ಮಲ್ಲಿ ಮಾರಿದವರು ಮೂವರು, ಮೂವರ ಪ್ಯಾನ್ ನಂಬರಿಗೂ ಬೇರೆ ಬೇರೆ ಕಟ್ಟಬೇಕಾಯಿತು. 52 ಸಾವಿರ ಜಾಸ್ತಿ ಹೋಗಿದ್ದಕ್ಕೆ ನಮ್ಮ ಮನೆಯವರಿಗೆ ಸ್ವಲ್ಪ ದಿನ ಬೇಸರ ಇತ್ತು. ನನಗಿಲ್ಲ. ಆಕೆಯ ಸಹಿ ಇಲ್ಲದ ಮನೆಯಲ್ಲಿ ಹಾಲು ಉಕ್ಕಿಸಿದ್ದರೆ ನನಗೆ ನೆಮ್ಮದಿ ಇರುತ್ತಿರಲಿಲ್ಲ.

ಇದನ್ನೆಲ್ಲ ಬರೆದದ್ದು ಹಳೇ ಮನೆ ಒಳ್ಳೆಯದು, ಹೊಸದು ಕೆಟ್ಟದ್ದು ಎಂದು ಹೇಳಲಿಕ್ಕಲ್ಲ. ದೂಡಾ ಒಪ್ಪಿಗೆ ಇರುವ, ಗಟ್ಟಿ ಪಾಯದ, ನಲ್ಲಿ ನೀರಿನ ಹೊಸ ಮನೆ ಸಿಕ್ಕಿದ್ದರೆ ನಾವು ಅದನ್ನೇ ತಗೊಳ್ಳುತ್ತಿದ್ದೆವೋ ಏನೋ. ಆದರೆ ಎರಡು ಮನೆ ಮುಂದಿಟ್ಟುಕೊಂಡು ಇದೋ ಅದೋ ಎಂದು ತೂಗಬೇಕಾದರೆ ಎರಡರ ವಿಷಯವೂ ಪೂರ್ತಿ ಗೊತ್ತಿರಬೇಕಲ್ಲ. ನಮಗೆ ತೋರಿಸುವುದು ಟೈಲ್ಸ್, ಬಣ್ಣ, ದಿಕ್ಕು. ಮುಚ್ಚಿಡುವುದು ಖಾತೆ, ಪಾಯ, ನೀರು, ಸಹಿ. ನಮ್ಮಂಥವರು ಜೀವನದಲ್ಲಿ ಒಂದೇ ಸಲ ಮನೆ ತಗೊಳ್ಳುವುದು, ತಪ್ಪಿದರೆ ತಿದ್ದಿಕೊಳ್ಳಲು ಇನ್ನೊಂದು ಸಲ ಇಲ್ಲ.

ಅದಕ್ಕೇ ಎರಡು ಬೇಡಿಕೆ. ದೂಡಾ, ಪಾಲಿಕೆ ಮತ್ತು ಪಂಚಾಯಿತಿಯವರು ಪ್ರತಿ ಬಡಾವಣೆಯ ಬಾಯಲ್ಲಿ ಒಂದು ದೊಡ್ಡ ಬೋರ್ಡ್ ಹಾಕಿಸಲಿ. ನಕ್ಷೆಗೆ ಒಪ್ಪಿಗೆ ಇದೆಯೋ ಇಲ್ಲವೋ, ಇದ್ದರೆ ಅದರ ನಂಬರ್, ಯಾವ ಖಾತೆ, ನೀರು ಎಲ್ಲಿಂದ, ಒಳಚರಂಡಿ ಇದೆಯಾ, ಇಷ್ಟೇ ಸಾಕು, ಕನ್ನಡದಲ್ಲಿ, ದೂರದಿಂದ ಓದುವಷ್ಟು ದಪ್ಪ ಅಕ್ಷರದಲ್ಲಿ. ಒಪ್ಪಿಗೆ ಇಲ್ಲದ ಕಡೆ 'ಒಪ್ಪಿಗೆ ಇಲ್ಲ' ಎಂದೇ ಬರೆಯಲಿ. ಎರಡನೆಯದು ನಿಮಗೆ. 'ಪೇಪರ್ಸ್ ಕ್ಲಿಯರ್' ಎಂದು ಜಾಹೀರಾತು ಕೊಡುವವರಿಗೆ, ಯಾವ ಖಾತೆ ಎನ್ನುವುದನ್ನು ಅದೇ ಸಾಲಿನಲ್ಲಿ ಬರೆಯಬೇಕು ಎಂದು ಪತ್ರಿಕೆಯವರೇ ಹೇಳಬಹುದಲ್ವಾ? ಎ ಖಾತೆ, ಬಿ ಖಾತೆ, 11ಎ, 11ಬಿ, ನಾಲ್ಕೈದು ಅಕ್ಷರದ ವಿಷಯ. ಜಾಹೀರಾತಿನಲ್ಲಿ ಅಷ್ಟು ಜಾಗ ಖಂಡಿತ ಇರುತ್ತದೆ.

ನಮ್ಮ ನಾದಿನಿ ಮನೆಯವರು ಈಗ ಮನೆ ಹುಡುಕುತ್ತಿದ್ದಾರೆ. ಹೋದ ಭಾನುವಾರ ಅವರ ಜೊತೆ ಊರ ಹೊರಗಿನ ಒಂದು ಬಡಾವಣೆಗೆ ಹೋಗಿದ್ದೆ. ಕಮಾನು ದೊಡ್ಡದಾಗಿತ್ತು, ಎರಡು ಕಡೆ ತೆಂಗಿನ ಸಸಿ ನೆಟ್ಟಿದ್ದರು. ಖಾತೆ ಯಾವುದು ಎಂದು ಕೇಳಿದೆ. ಮೊದಲು ಮನೆ ನೋಡ್ರಿ ಮೇಡಂ, ಆಮೇಲೆ ಅದೆಲ್ಲ ಮಾತಾಡೋಣ ಅಂದರು.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ,
ವಿನೋಬನಗರ, ದಾವಣಗೆರೆ